ಸುತ್ತಿಗೆ ಕಟ್ಟಿದ ಬ್ಯಾಟರಿ

ಹದಿನಾಲ್ಕನೇ ವಯಸ್ಸಿನಲ್ಲಿ ಅವಳು ಮಲತಂದೆಯ ಬಲಗೈಯನ್ನು ಸುತ್ತಿಗೆಯಿಂದ ಜಜ್ಜಿದಳು. ಅವನು ಎಡಗೈಯಲ್ಲಿ ಅವಳ ತಮ್ಮನ ಕೂದಲು ಹಿಡಿದು ಮುಖವನ್ನು ಮೇಜಿಗೆ ಗುದ್ದುತ್ತಿದ್ದ. ಆಸರೆಗೆಂದು ಬಲಗೈಯನ್ನು ಅದೇ ಮೇಜಿನ ಮೇಲೆ ಊರಿದ್ದ. ತಮ್ಮನಿಗೆ ಆಗ ಏಳು ವರ್ಷ. ಅವಳು ಕೂಗಲಿಲ್ಲ, ಕಾಲು ಹಿಡಿಯಲಿಲ್ಲ. ಕಿಟಕಿಯ ಕಟ್ಟೆಯ ಮೇಲಿದ್ದ ಸುತ್ತಿಗೆ ಎತ್ತಿಕೊಂಡು, ಮೊಳೆ ಹೊಡೆಯುವವರ ಹಾಗೆ ಗುರಿ ನೋಡಿ, ಎರಡು ಏಟು ಹಾಕಿದಳು. ಮೊದಲನೆಯ ಏಟಿಗೇ ಅವನು ಹುಡುಗನನ್ನು ಬಿಟ್ಟಿದ್ದ. ಹಾಗಾದರೆ ಎರಡನೆಯದು ಯಾಕಮ್ಮ ಎಂದು ಠಾಣೆಯಲ್ಲಿ ಕೇಳಿದರೆ, "ಮೊದಲ್ನೇದು ತಮ್ಮನಿಗಾಗಿ, ಎರಡನೇದು ನನಗಾಗಿ" ಎಂದಳಂತೆ. ಆ ಮನುಷ್ಯ ತಿಂಗಳೊಳಗೆ ಮನೆ ಬಿಟ್ಟು ಹೋದ. ತಾಯಿ ಮಾತ್ರ ಸಾಯುವವರೆಗೂ ಮಗಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಬೀದಿಯವರು ಅವಳಿಗೆ ಸುತ್ತಿಗೆ ಎಂದು ಹೆಸರಿಟ್ಟರು. ಮೂವತ್ತು ವರ್ಷ ಕಳೆದರೂ ಆ ಹೆಸರು ಅವಳನ್ನು ಬಿಡಲಿಲ್ಲ.

ಅವಳು ಹನ್ನೊಂದು ವರ್ಷ ಡಬ್ಬಿ ಕಾರ್ಖಾನೆಯಲ್ಲಿ ದುಡಿದಳು. ಸ್ಟೀಲಿನ ಡಬ್ಬಿಗಳಿಗೆ ಹಿಡಿಕೆ ಅಂಟಿಸುವ ಕೆಲಸ. ಎರಡು ತಾಮ್ರದ ಮೂತಿಗಳ ನಡುವೆ ತಗಡು ಇಟ್ಟು ಕಾಲಿನಲ್ಲಿ ಪೆಡಲು ಒತ್ತಿದರೆ 'ಟಕ್' ಎಂಬ ಸದ್ದು, ಒಂದು ಕಿಡಿ, ಅಷ್ಟೇ. ಸ್ಪಾಟ್ ವೆಲ್ಡಿಂಗ್. ಬೆಸುಗೆ ಕೂತಿತೋ ಇಲ್ಲವೋ ಎಂದು ಬೇರೆಯವರು ಎಳೆದು ನೋಡುತ್ತಿದ್ದರು. ಅವಳು ಸದ್ದಿನಲ್ಲೇ ಹೇಳುತ್ತಿದ್ದಳು. ಅಲ್ಲಿದ್ದಾಗಲೇ ಕಾರ್ಖಾನೆ ಎದುರಿನ ವಾಚು ರಿಪೇರಿಯವನನ್ನು ಮದುವೆಯಾದಳು. ಕಡ್ಡಿಯಂಥ ಮನುಷ್ಯ, ಮಾತು ಕಡಿಮೆ, ಜಗಳ ಕಂಡರೆ ಓಣಿ ಬದಲಾಯಿಸುವವನು. ಅವನಿಗೆ ಮುಳ್ಳು ಎಂದು ಅಡ್ಡಹೆಸರು. "ಗಡಿಯಾರದ ಮುಳ್ಳಿಗೂ ಸುತ್ತಿಗೆಗೂ ಗಂಟು ಹಾಕಿದ್ದಾರೆ, ಟೈಮು ಎಷ್ಟು ದಿನ ನಡೆಯುತ್ತೋ ನೋಡೋಣ" ಎಂದು ಜನ ನಕ್ಕರು. ಇಪ್ಪತ್ತು ವರ್ಷ ನಡೆಯಿತು. ಅವನ ಮೇಲೆ ಅವಳು ಒಮ್ಮೆಯೂ ಕೈ ಎತ್ತಲಿಲ್ಲ, ಅವನೂ ಅಷ್ಟೇ. ಆ ಓಣಿಯಲ್ಲಿ ಅದು ಸಣ್ಣ ಮಾತಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ಏಳೆಂಟು ವರ್ಷ ಅಲ್ಲಿ ಇಲ್ಲಿ ಕೂಲಿ ಮಾಡಿ, ಆಮೇಲೆ ಬ್ಯಾಟರಿಯಲ್ಲಿ ಓಡುವ ಮೂರು ಚಕ್ರದ ಸರಕು ಗಾಡಿಯೊಂದನ್ನು ಕೊಂಡು, ಐಸ್ ಫ್ಯಾಕ್ಟರಿಯಿಂದ ಮೀನಿನ ಮಾರ್ಕೆಟ್ಟಿಗೆ ಮಂಜುಗಡ್ಡೆ ಸಾಗಿಸತೊಡಗಿದಳು. ಮಾರ್ಕೆಟ್ಟು ಅಂದರೆ ಬೈಗುಳದಿಂದಲೇ ಬೆಳಗಾಗುವ ಜಾಗ. ಒದ್ದೆ ನೆಲ, ಚೂರಿಗಳು, ಒಬ್ಬರ ಗಾಡಿಗೆ ಇನ್ನೊಬ್ಬರ ಗಾಡಿ ತಾಗಿದರೆ ಹಲ್ಲು ಉದುರುವ ಜಗಳ. ಮೊದಲ ವಾರದಲ್ಲೇ ಒಬ್ಬ ಅವಳ ಸೀಟಿನ ಮೇಲೆ ಮೀನಿನ ಕರುಳು ಸುರಿದ. ಅವಳು ಅವನ ಕೊರಳಪಟ್ಟಿ ಹಿಡಿದು, ಅದೇ ಕರುಳಿನಲ್ಲಿ ಅವನ ಮುಖ ಒರೆಸಿದಳು. ಆಮೇಲೆ ಯಾರೂ ಆಕೆಯ ತಂಟೆಗೆ ಬರಲಿಲ್ಲ.

ಆ ಮಾರ್ಕೆಟ್ಟಿನ ಯಜಮಾನ ಮಾವ. ಅವನು ಯಾರಿಗೂ ಮಾವನಲ್ಲ, ಎಲ್ಲರೂ ಹಾಗೆ ಕರೆಯಬೇಕಿತ್ತು. ಗೇಟಿನ ಪಕ್ಕದ ಓಣಿಯಲ್ಲಿ, ಮೂರು ಅಂತಸ್ತಿನ ಕಟ್ಟಡದ ಕೆಳಗೆ ಅವನದೊಂದು ಶಟರಿನ ಕೋಣೆ. ಅದರೊಳಗೆ ಕಬ್ಬಿಣದ ಅಟ್ಟಗಳ ಮೇಲೆ, ಹೊರಗೆ ಓಡುತ್ತಿದ್ದವು ಬಿಟ್ಟೂ, ಅರವತ್ತು ಬ್ಯಾಟರಿ ಪ್ಯಾಕುಗಳು ಹಗಲೂ ರಾತ್ರಿ ಚಾರ್ಜಿಗೆ ಕೂತಿರುತ್ತಿದ್ದವು. ಈ ಗಾಡಿಗಳನ್ನು ಮಾಡಿದ ಕಂಪನಿ ಬಾಗಿಲು ಹಾಕಿಕೊಂಡಿತ್ತು. ಗಾಡಿಯ ಜೊತೆ ಬಂದ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸತ್ತರೆ ಹೊಸದು ಊರಿನಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಮಾವನ ಹತ್ತಿರ ಬಾಡಿಗೆಗೆ ಪ್ಯಾಕು ಎತ್ತಿಕೊಂಡು ಸಂಜೆ ತಂದಿಡಬೇಕು. "ಬೇರೆಯವರು ತಪ್ಪು ಮಾಡಿ ಮಾವನ ಮನೆಗೆ ಹೋಗ್ತಾರೆ, ನಾವು ಏನೂ ಮಾಡದೇ ದಿನಾ ಹೋಗ್ತೀವಿ" ಎಂದು ಚಾಲಕರು ಹಲ್ಲು ಕಡಿಯುತ್ತಿದ್ದರು.

ಬೋಳ ಎಂಬ ಚಾಲಕನೊಬ್ಬ ಧೈರ್ಯ ಮಾಡಿ ದೂರದಿಂದ ಸ್ವಂತ ಪ್ಯಾಕು ತರಿಸಿದ. ಮೂರನೇ ದಿನ, ನಡುಹಗಲು, ನಾಲ್ಕು ಜನ ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ಐದನೆಯವನು ಆಳೆತ್ತರದ ಮಂಜುಗಡ್ಡೆಯೊಂದನ್ನು ಕೊಕ್ಕೆಯಿಂದ ಎಳೆದು ತಂದು, ಗಾಡಿಯ ಹಲಗೆಯ ಮೇಲಿಂದ ಬೋಳನ ಪಾದದ ಮೇಲೆ ಬೀಳಿಸಿದ. ಎಲುಬು ಮುರಿದ ಸದ್ದು ತಕ್ಕಡಿಗಳ ಸಾಲಿನವರೆಗೂ ಕೇಳಿತು.

ಆ ಐದನೆಯವನು ಅವಳ ತಮ್ಮ. ಅವನಿಗೆ ಈಗ ಮೂವತ್ತೊಂಬತ್ತು, ಮಾವನ ಬಲಗೈ. ಸೊಂಟಕ್ಕೆ ಸದಾ ಐಸ್ ಎಳೆಯುವ ಕೊಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಅವನ ಹೆಸರೂ ಕೊಕ್ಕೆ ಎಂದೇ ಆಗಿತ್ತು.

ಸುದ್ದಿ ಕೇಳಿದ ಸುತ್ತಿಗೆ ಗಾಡಿ ನಿಲ್ಲಿಸಿ, ಜನರ ನಡುವೆ ನುಗ್ಗಿ, ಎಲ್ಲರ ಎದುರು ತಮ್ಮನ ಕೆನ್ನೆಗೆ ಬಾರಿಸಿದಳು. ಅವನ ತುಟಿ ಒಡೆಯಿತು. ಅವನು ತಿರುಗಿ ಹೊಡೆಯಲಿಲ್ಲ. ರಕ್ತ ನೆಕ್ಕಿಕೊಂಡು ನಕ್ಕ.

"ಯಾಕಕ್ಕ ಸಿಟ್ಟು? ಕೈಕಾಲು ಜಜ್ಜೋದು ನನಗೆ ಕಲಿಸಿದ್ದು ಯಾರು?"

ಅವಳು ಮನೆಗೆ ಬಂದು ಗಂಡನ ಮುಂದೆ ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಂಡು ಕೂತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅವಳ ಗಾಡಿಯ ಬ್ಯಾಟರಿಯೂ ಕೈಕೊಟ್ಟಿತು. ಎಂಟು ಗಡ್ಡೆ ಹೊತ್ತು ಸೇತುವೆಯ ಏರು ಹತ್ತುತ್ತಿದ್ದಾಗ ಮೋಟರು ಒಮ್ಮೆ ಮುಲುಗಿ ನಿಂತೇಬಿಟ್ಟಿತು. ಗಾಡಿ ಹಿಂದಕ್ಕೆ ಜಾರಿತು. ಬ್ರೇಕು ಮೆಟ್ಟಿ, ಹ್ಯಾಂಡಲು ತಿರುಗಿಸಿ, ಸೇತುವೆಯ ಗೋಡೆಗೆ ಗಾಡಿ ಗುದ್ದಿಸಿ ನಿಲ್ಲಿಸಿದಳು. ಗಡ್ಡೆಗಳು ಹಲಗೆ ಮುರಿದುಕೊಂಡು ರಸ್ತೆಗೆ ಬಿದ್ದು ಚೂರಾದವು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಕೂದಲೆಳೆಯಲ್ಲಿ ಉಳಿದ.

ಮಾರನೆಯ ದಿನ ಮಾವನ ಬಾಗಿಲಿಗೆ ಹೋಗದೆ ಗತಿಯಿರಲಿಲ್ಲ. ಮುಳ್ಳು ಜೊತೆಗೆ ಬಂದ. ಮಾವ ಒಂದು ಪ್ಯಾಕನ್ನು ಕಾಲಿನಿಂದ ಅವಳತ್ತ ತಳ್ಳಿದ. ಅದರ ಪಕ್ಕ ಊದಿಕೊಂಡಿತ್ತು. ಮುಳ್ಳು ಬಗ್ಗಿ ಮೂಸಿ ನೋಡಿದ. ಸಿಹಿಯಾದ, ಉಗುರಿಗೆ ಹಚ್ಚುವ ಬಣ್ಣದಂಥ ವಾಸನೆ.

"ಇದರ ಒಳಗೆ ಸೆಲ್ಲು ಸೋರ್ತಾ ಇದೆ. ಸೀಟಿನ ಕೆಳಗೆ ಇಟ್ಕೊಳ್ಳೋ ವಸ್ತು ಅಲ್ಲ ಇದು" ಎಂದ ಮೆಲ್ಲಗೆ.

ಮಾವ ಎದ್ದು ಬಂದು, ಬಗ್ಗಿದ್ದ ಅವನ ತಲೆಯನ್ನು ಮೊಣಕಾಲಿನಿಂದ ಗುದ್ದಿದ. ಮುಳ್ಳು ಅಟ್ಟಕ್ಕೆ ಬಡಿದು ಬಿದ್ದ. ಕನ್ನಡಕ ಎರಡು ಹೋಳಾಯಿತು. ಸುತ್ತಿಗೆ ಮುಂದೆ ನುಗ್ಗುವಷ್ಟರಲ್ಲಿ ಅವಳ ತಮ್ಮ ಹಿಂದಿನಿಂದ ಅವಳ ಎರಡೂ ತೋಳು ತಿರುಚಿ ಹಿಡಿದಿದ್ದ.

"ಅಕ್ಕ, ಸುಮ್ನೆ ತಗೊಂಡು ಹೋಗು. ಎಲ್ಲರೂ ತಗೋತಾರೆ."

"ನಿನ್ನ ಭಾವನ್ನ ನೋಡೋ! ನಿನಗೆ ಜ್ವರ ಬಂದಾಗ ಆಸ್ಪತ್ರೆಗೆ ಹೊತ್ಕೊಂಡು ಓಡಿದ ಮನುಷ್ಯ ಕಣೋ ಅದು!"

ತಮ್ಮ ನೋಡಲಿಲ್ಲ. ತೋಳನ್ನು ಇನ್ನೊಂದು ಸುತ್ತು ತಿರುಚಿದ, ಅಷ್ಟೇ.

ಮನೆಗೆ ಬಂದು ಹಣೆಯ ಗಾಯಕ್ಕೆ ಬಟ್ಟೆ ಒತ್ತಿಕೊಂಡು ಕೂತ ಮುಳ್ಳು ಹೇಳಿದ ಮಾತೇ ಮುಂದಿನದಕ್ಕೆಲ್ಲ ಮೂಲ. "ಪ್ಯಾಕು ಅಂದ್ರೆ ಏನೇ? ಬೆರಳಿನಷ್ಟು ಸೆಲ್ಲುಗಳನ್ನ ಸಾಲಾಗಿ ಇಟ್ಟು ಪಟ್ಟಿ ಬೆಸೆಯೋದು. ಅಳೆಯೋದು ನನಗೆ ಗೊತ್ತು, ಬೆಸೆಯೋದು ನಿನಗೆ ಗೊತ್ತು. ಇನ್ನೊಬ್ಬನ ಬಾಗಿಲಿಗೆ ಯಾಕೆ ಹೋಗ್ಬೇಕು?" ಜಗಳ ಕಂಡರೆ ಓಣಿ ಬದಲಾಯಿಸುತ್ತಿದ್ದವನ ಬಾಯಿಂದ ಆ ಮಾತು ಬಂದಿತ್ತು. ಅವಳು ಅವನನ್ನೇ ಹೊಸಬನನ್ನು ನೋಡುವ ಹಾಗೆ ನೋಡಿದಳು.

ಗುಜರಿ ಅಂಗಡಿಯಲ್ಲಿ ಅಪಘಾತವಾದ ಬ್ಯಾಟರಿ ಸ್ಕೂಟರುಗಳ ಪ್ಯಾಕುಗಳು ಬಿದ್ದಿದ್ದವು. ಚೀಲಗಟ್ಟಲೆ ತಂದರು. ಒಡೆದು, ಹಳೆಯ ಪಟ್ಟಿಗಳನ್ನು ಇಕ್ಕಳದಿಂದ ಕಿತ್ತು, ಸುಮಾರು ಒಂಬೈನೂರು ಸೆಲ್ಲು ಬೇರ್ಪಡಿಸಿದರು. ಮುಳ್ಳು ಒಂದೊಂದನ್ನೂ ಪೂರ್ತಿ ಚಾರ್ಜು ಮಾಡಿ, ಖಾಲಿ ಮಾಡಿ, ಎಷ್ಟು ಹಿಡಿಯುತ್ತದೆ ಎಂದು ಅದರ ಮೈಮೇಲೇ ಬರೆದ. ಚಾರ್ಜಾಗುವಾಗ ಕೈಗೆ ಬಿಸಿ ತಗುಲಿದ್ದು ಹೊರಗೆ. ಮತ್ತೆ ತುಂಬಿಸಿ ಹದಿನೈದು ದಿನ ಮುಟ್ಟದೆ ಇಟ್ಟು, ಆಮೇಲೆ ಮೀಟರಿನ ಕಡ್ಡಿ ಇಟ್ಟು ನೋಡಿದ. ಸುಮ್ಮನೆ ಕೂತಲ್ಲೇ ಇಳಿದುಹೋಗಿದ್ದೂ ಹೊರಗೆ. "ಮನುಷ್ಯರನ್ನೂ ಹೀಗೆ ಹದಿನೈದು ದಿನ ಇಟ್ಟು ನೋಡಿ ಮದುವೆ ಮಾಡ್ಬೇಕು" ಎಂದಳು ಅವಳು. "ನಾನು ಹೊರಗೇ ಬೀಳ್ತಿದ್ದೆ" ಎಂದ ಅವನು. ಕೊನೆಗೆ ಐನೂರಿಪ್ಪತ್ತು ಉಳಿದವು: ಹದಿಮೂರು ಸಾಲು, ಸಾಲಿಗೆ ನಲವತ್ತು.

ಬೆಸೆಯುವ ಯಂತ್ರವನ್ನೂ ಅವರೇ ಮಾಡಿಕೊಂಡರು. ಕೆಟ್ಟುಹೋದ ಮೈಕ್ರೋವೇವ್ ಒಲೆಯಿಂದ ಟ್ರಾನ್ಸ್‌ಫಾರ್ಮರ್ ಕಿತ್ತು, ಅದಕ್ಕೆ ಹೆಬ್ಬೆರಳಿನಷ್ಟು ದಪ್ಪದ ತಂತಿ ಸುತ್ತಿ, ಎರಡು ತಾಮ್ರದ ಮೂತಿ ಕೂರಿಸಿದರು. ಎಷ್ಟು ಹೊತ್ತು ಕರೆಂಟು ಹರಿಯಬೇಕು ಎಂಬುದಕ್ಕೆ ಮುಳ್ಳು ಗಡಿಯಾರದ ಭಾಗಗಳಿಂದಲೇ ಒಂದು ಟೈಮರು ಮಾಡಿಕೊಟ್ಟ. ಜಾಸ್ತಿಯಾದರೆ ಸೆಲ್ಲಿಗೆ ತೂತು ಬೀಳುತ್ತದೆ. ಕಡಿಮೆಯಾದರೆ ಪಟ್ಟಿ ಕಿತ್ತು ಬರುತ್ತದೆ. ಅವಳು ಕಣ್ಣು ಕಿರಿದು ಮಾಡಿ, ನಿಕಲ್ ಪಟ್ಟಿಯ ಮೇಲೆ ಮೂತಿ ಇಟ್ಟು, ಪೆಡಲು ಒತ್ತಿದಳು. ಟಕ್. ಹನ್ನೆರಡು ವರ್ಷದ ಮೇಲೆ ಅದೇ ಸದ್ದು. "ಕೂತಿತು" ಎಂದಳು.

ಒಂಬತ್ತನೇ ಸಾಲು ಜೋಡಿಸುವಾಗ ಮುಳ್ಳಿನ ಎಡಗೈಯ ವಾಚಿನ ಸ್ಟೀಲು ಪಟ್ಟಿ ಸೆಲ್ಲುಗಳ ಪ್ಲಸ್ಸು, ಮೈನಸ್ಸು ಎರಡೂ ತುದಿಗೆ ಒಟ್ಟಿಗೆ ತಾಗಿತು. ಕಣ್ಣು ಕುಕ್ಕುವ ಬೆಳಕು, ಮಾಂಸ ಸುಟ್ಟ ವಾಸನೆ. ಕೆಂಪಗೆ ಕಾದ ಪಟ್ಟಿ ಮಣಿಕಟ್ಟಿಗೆ ಅಂಟಿಕೊಂಡಿತ್ತು. ಅವಳು ಒಣಗಿದ ಬಟ್ಟೆ ಸುತ್ತಿಕೊಂಡು ಅದನ್ನು ಕಿತ್ತೆಸೆದಳು. ಚರ್ಮವೂ ಜೊತೆಗೆ ಬಂತು. ಮುಳ್ಳು ಕೂಗಲಿಲ್ಲ, ಹಲ್ಲು ಕಚ್ಚಿ ಗೋಡೆಗೆ ಒರಗಿದ. "ವಾಚು ರಿಪೇರಿ ಮಾಡೋನೇ ವಾಚು ಬಿಚ್ಚಿಡೋದು ಮರೆತೆ ನೋಡು" ಎಂದ. ಮೂರು ದಿನ ಕೆಲಸ ನಿಂತಿತು. ನಾಲ್ಕನೇ ದಿನ ಇಬ್ಬರೂ ಉಂಗುರ, ಸರಪಣಿ, ಜೇಬಿನ ಬೀಗದ ಕೈ ಎಲ್ಲ ಬಿಚ್ಚಿ ಒಂದು ಬಟ್ಟಲಿಗೆ ಹಾಕಿ ಕೂತರು.

ಸಾಲು ಸಾಲಿಗೂ ಕಾವಲು ಕಾಯುವ ಒಂದು ಬೋರ್ಡು ಇರುತ್ತದೆ. ಯಾವ ಸಾಲು ಹೆಚ್ಚು ತುಂಬಿದರೂ, ಹೆಚ್ಚು ಖಾಲಿಯಾದರೂ ಅದು ಕರೆಂಟಿನ ದಾರಿ ಕಡಿಯುತ್ತದೆ. ಅದನ್ನು ಮಾತ್ರ ಹೊಸದಾಗಿ ಕೊಂಡರು. ಹಳೆಯದನ್ನು ನಂಬಿ ಜೀವ ಒತ್ತೆ ಇಡಲಾಗದು ಎಂದು ಮುಳ್ಳು ಹಟ ಹಿಡಿದ. ದಪ್ಪ ಕಾಗದ ಸುತ್ತಿ, ಫ್ಯೂಸು ಹಾಕಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಕೂರಿಸಿ ಬೋಲ್ಟು ಬಿಗಿದರು. ಮೊದಲ ಚಾರ್ಜನ್ನು ಹಿತ್ತಲಿನಲ್ಲಿ, ಸುತ್ತ ಮರಳು ಚೀಲ ಇಟ್ಟುಕೊಂಡು, ನಿಧಾನವಾಗಿ ಮಾಡಿದರು.

ಎಂಟು ಗಡ್ಡೆ ಹೊತ್ತ ಗಾಡಿ ಸೇತುವೆಯ ಏರನ್ನು ಉಸಿರು ಕಟ್ಟದೆ ಹತ್ತಿದ ದಿನ, ಅವಳು ತುದಿಯಲ್ಲಿ ನಿಲ್ಲಿಸಿ, ಕಾರಣವಿಲ್ಲದೆ ಹಾರನ್ ಬಾರಿಸಿದಳು.

ಹತ್ತು ದಿನ ಓಡಿತು. ಚಾಲಕರು ಬಂದು ಸೀಟು ಎತ್ತಿಸಿ ಪೆಟ್ಟಿಗೆ ನೋಡಿ ಹೋಗುತ್ತಿದ್ದರು. ಬೋಳನೂ ಕುಂಟುತ್ತ ಬಂದ. "ನನಗೊಂದು ಕಟ್ಟಿಕೊಡ್ತೀಯಾ ಅಕ್ಕಾ?" ಎಂದು ಕೇಳಿದ. ಅದು ಮಾವನ ಕಿವಿಗೆ ಬೀಳಲು ಒಂದು ಗಂಟೆಯೂ ಬೇಕಾಗಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ತಮ್ಮ ಮುಳ್ಳಿನ ಅಂಗಡಿಗೆ ಹೋದ. ಗಾಜಿನ ಪೆಟ್ಟಿಗೆ ಒಡೆದ, ಗೋಡೆಯ ಗಡಿಯಾರಗಳನ್ನು ಒಂದೊಂದಾಗಿ ಕೊಕ್ಕೆಯಿಂದ ಎಳೆದು ಬೀಳಿಸಿದ. "ಭಾವ, ಅದನ್ನ ಬಿಚ್ಚಿ ಹಾಕು ಅಂತ ಅವಳಿಗೆ ಹೇಳು" ಎಂದ. ಮುಳ್ಳು ಕುರ್ಚಿಯಿಂದ ಏಳದೆ, "ಹೇಳಲ್ಲ" ಎಂದ. ಮೂರು ಸಲ ಕೇಳಿದ. ಮೂರು ಸಲವೂ ಅದೇ ಉತ್ತರ. ಆಗ ತಮ್ಮ ಕೊಕ್ಕೆಯ ಹಿಡಿಯಿಂದ ಅವನ ದವಡೆಗೆ ಹೊಡೆದ. ದವಡೆ ಎರಡು ಕಡೆ ಮುರಿಯಿತು.

ಇದೆಲ್ಲ ಅವಳಿಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವಳು ಐಸ್ ಫ್ಯಾಕ್ಟರಿಯ ಕಟ್ಟೆಗೆ ಗಾಡಿ ಹಚ್ಚಿ, ಒಳಗೆ ಚೀಟಿ ಬರೆಸುತ್ತಿದ್ದಳು. ಹೊರಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಕೇಳಿ ಬಂದು ನೋಡಿದರೆ, ತಮ್ಮ ಸೀಟು ಕಿತ್ತೆಸೆದು, ಹಾರೆಯಿಂದ ಪೆಟ್ಟಿಗೆಯ ಮುಚ್ಚಳ ಮೀಟುತ್ತಿದ್ದ. ಜಾಕೆಟ್ಟಿನ ತೋಳಿಗೆ ರಕ್ತ ಅಂಟಿತ್ತು.

"ಲೋ, ಹಾರೆ ತೆಗಿ! ಅದರ ಒಳಗೆ ಚುಚ್ಚಬೇಡ! ಸಾಯ್ತೀಯ!"

"ಭಾವನೂ ಹೇಳಲ್ಲ ಅಂದ, ನೀನೂ ಬಿಡಲ್ಲ ಅಂತೀಯ" ಎಂದು ಅವನು ಹಾರೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಳಿಸಿದ.

ಮೊದಲು ಹಾವು ಬುಸುಗುಟ್ಟಿದಂಥ ಸದ್ದು. ಬಿಳಿ ಹೊಗೆ. ಅವನು ಹಾರೆ ಕೀಳಲು ಎಳೆದ. ಆಗ ಪೆಟ್ಟಿಗೆಯ ಬಾಯಿಂದ ಬೆಂಕಿ ಕೊಳವೆಯಿಂದ ಬಂದಂತೆ ಅಡ್ಡಕ್ಕೆ ಚಿಮ್ಮಿ ಅವನ ಕೈಗಳನ್ನೂ ಎದೆಯನ್ನೂ ಹಿಡಿಯಿತು. ಸೆಲ್ಲುಗಳು ಒಂದರ ಹಿಂದೆ ಒಂದು ಗುಂಡು ಹೊಡೆದಂತೆ ಸಿಡಿದವು. ಒಂದು ಗಾರೆಯ ಗೋಡೆಗೆ ಬಡಿದು ತೂತು ಮಾಡಿತು. ಹಿಂದಕ್ಕೆ ಹಾರಲು ಹೋದವನ ಜಾಕೆಟ್ಟು ಗಾಡಿಯ ಪಕ್ಕದ ಚಿಲಕಕ್ಕೆ ಸಿಕ್ಕಿ, ಅವನು ಗಾಡಿಗೂ ಕಟ್ಟೆಗೂ ನಡುವೆ ಕುಸಿದ. "ಅಕ್ಕಾ" ಎಂದು ಕಿರುಚಿದ.

ಅವಳು ನಿಂತಳು.

ಓಡಿಹೋಗಿ ಎಳೆಯಲಿಲ್ಲ, ಕೂಗಲೂ ಇಲ್ಲ. ಅವನ ತೋಳಿನ ಮೇಲಿದ್ದ ರಕ್ತ ತನ್ನ ಗಂಡನದು ಎಂದು ಅವಳಿಗೆ ಅರ್ಥವಾಗಿತ್ತು. ಉರಿಯಲಿ ಎಂದುಕೊಂಡಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ಎರಡು ಉಸಿರೋ ನಾಲ್ಕು ಉಸಿರೋ. ಆಮೇಲೆ ಕಾಲು ತಾನಾಗಿ ಓಡಿತು. ಒದ್ದೆ ಗೋಣಿ ಹೊದ್ದು ನುಗ್ಗಿ, ಜಾಕೆಟ್ಟು ಹರಿದು, ಅವನ ಕಂಕುಳಿಗೆ ಕೈ ಹಾಕಿ ಎಳೆದು, ಐಸ್ ಕರಗಿದ ನೀರಿನ ತೊಟ್ಟಿಗೆ ಕುತ್ತಿಗೆಯವರೆಗೆ ಮುಳುಗಿಸಿದಳು. ಅವಳ ಕೂದಲು, ಹುಬ್ಬು ಸುಟ್ಟುಹೋದವು. ಬೆರಳುಗಳು ಅಂಟಿಕೊಂಡಿದ್ದ ತಮ್ಮನ ಕೈಗಳನ್ನು ನೀರಿನಡಿ ಹಿಡಿದುಕೊಂಡು, ಆಂಬುಲೆನ್ಸು ಬರುವವರೆಗೆ ಅವನ ಕಿವಿಯಲ್ಲಿ ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈಯುತ್ತಿದ್ದಳು. ಅವನು ಎಚ್ಚರ ತಪ್ಪಬಾರದೆಂದು. ಹಿಂದೆ ಅವಳ ಗಾಡಿ ಕಪ್ಪು ಅಸ್ಥಿಪಂಜರವಾಗಿತ್ತು.

ಮುಳ್ಳಿನ ದವಡೆ, ಸುತ್ತಿಗೆಯ ಗಾಡಿ, ಎರಡೂ ಸುದ್ದಿ ಒಟ್ಟಿಗೆ ಮಾರ್ಕೆಟ್ಟು ಮುಟ್ಟಿದವು. ವರ್ಷಗಟ್ಟಲೆ ಹಲ್ಲು ಕಡಿದುಕೊಂಡಿದ್ದವರು ಬಾಯಿ ತೆರೆದರು. ನಲವತ್ತು ಚಾಲಕರು ಗಾಡಿ ನಿಲ್ಲಿಸಿ ಓಣಿಗೆ ನುಗ್ಗಿದರು. ಮಾವನ ಆಳುಗಳು ಇಬ್ಬರು ಚೂರಿ ತೋರಿಸಿದರು. ಮೀನು ಹೊರುವ ಬುಟ್ಟಿಗಳಲ್ಲಿ ಅವರ ಮುಖ ಮುಚ್ಚಿ ಜನ ತುಳಿದರು. ಮಾವನನ್ನು ಕಾಲು ಹಿಡಿದು ಎಳೆದು ತಂದು ಚರಂಡಿಯ ಪಕ್ಕ ಕೆಡವಿದರು. ಬೆಲ್ಟು, ಚಪ್ಪಲಿ, ತಕ್ಕಡಿಯ ಕಲ್ಲು, ಯಾರ ಕೈಗೆ ಏನು ಸಿಕ್ಕಿತೋ ಅದು.

ಸುತ್ತಿಗೆ ಆಸ್ಪತ್ರೆಯಲ್ಲಿ ತಮ್ಮನನ್ನೂ ಗಂಡನನ್ನೂ ಒಂದೇ ವಾರ್ಡಿನ ಎರಡು ತುದಿಯಲ್ಲಿ ಕಂಡು, ಯಾರೋ ತಂದ ಮಾರ್ಕೆಟ್ಟಿನ ಗಲಾಟೆಯ ಸುದ್ದಿ ಕೇಳಿ, ಅಲ್ಲಿಂದ ಓಡಿ ಬಂದಿದ್ದಳು. ಚರಂಡಿಯ ಪಕ್ಕ ಮಾವನ ಮುಖ ಗುರುತು ಸಿಗದಂತಾಗಿತ್ತು. ಅದನ್ನು ಅವಳು ತಡೆಯಲಿಲ್ಲ. ತಡೆಯಬೇಕು ಅನ್ನಿಸಲೂ ಇಲ್ಲ. ಅವಳ ಕಣ್ಣು ಹೋದದ್ದು ಶಟರಿನ ಕಡೆಗೆ. ಬೋಳ ಅಲ್ಲಿ ಸೀಮೆಎಣ್ಣೆ ಡಬ್ಬಿ ಹಿಡಿದು, ಅರ್ಧ ತೆರೆದ ಶಟರಿನೊಳಗೆ ಸುರಿದು, ಬೆಂಕಿಕಡ್ಡಿ ತೆಗೆಯುತ್ತಿದ್ದ.

ಅವಳು ಹೋಗಿ ಅವನಿಗೂ ಕೋಣೆಗೂ ಅಡ್ಡ ನಿಂತಳು.

"ಒಂದು ಪ್ಯಾಕು ಹೇಗೆ ಉರೀತು ಅಂತ ನಾನು ನೋಡಿ ಬಂದಿದ್ದೀನಿ. ಒಳಗೆ ಅರವತ್ತಿದೆ. ಮೇಲೆ ಮೂರು ಅಂತಸ್ತು ಮನೆಗಳಿವೆ. ಬೇಡ."

"ನನ್ನ ಕಾಲು ನೋಡಕ್ಕಾ! ನಿನ್ನ ತಮ್ಮನೇ ಮಾಡಿದ್ದು!"

"ಗೊತ್ತು. ಕಡ್ಡಿ ಇಳಿಸು."

ಬೋಳ ಇಳಿಸಲಿಲ್ಲ, ಕಡ್ಡಿ ಗೀರಿದ. ಅವಳು ಶಟರು ಎಳೆಯುವ ಕಬ್ಬಿಣದ ಸರಳು ತೆಗೆದು ಅವನ ಮೊಣಕೈಗೆ ಹೊಡೆದಳು. ಕಡ್ಡಿ ಒದ್ದೆ ನೆಲಕ್ಕೆ ಬಿದ್ದು ಆರಿತು. ಗುಂಪು ಅವಳ ಮೇಲೆ ತಿರುಗಿತು. "ಇವಳೂ ಮಾವನ ಕಡೆಯವಳೇ" ಎಂದು ಯಾರೋ ಕೂಗಿದರು. ಹಲಗೆಯ ಒಂದು ಏಟು ಅವಳ ಎಡ ಮಣಿಕಟ್ಟು ಮುರಿಯಿತು, ಇನ್ನೊಂದು ಏಟಿಗೆ ಕಿವಿ ಹರಿಯಿತು. ಅವಳು ಬಲಗೈಯಲ್ಲೇ ಸರಳು ಬೀಸುತ್ತ, ಬಂದವರ ಮೊಣಕಾಲಿಗೆ, ಮುಂಗೈಗೆ ಹೊಡೆಯುತ್ತ ಶಟರಿಗೆ ಬೆನ್ನು ಕೊಟ್ಟು ನಿಂತಳು. ತನ್ನ ಪ್ಯಾಕು ಮುಟ್ಟಿ ನೋಡಿ ಹೋಗಿದ್ದ ಕೈಗಳೇ ಅವು.

ಆಗ ಓಣಿಯ ಆ ತುದಿಯಿಂದ, ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜು ಸುತ್ತಿದ ಕಡ್ಡಿಯಂಥ ಮನುಷ್ಯನೊಬ್ಬ ಆಸ್ಪತ್ರೆಯ ಅಂಗಿಯಲ್ಲೇ ಬಂದ. ಮುಳ್ಳಿಗೆ ಮಾತಾಡಲು ಬರುವ ಹಾಗಿರಲಿಲ್ಲ. ಬಡಿದಾಡುತ್ತಿದ್ದವರ ನಡುವೆ ಪಕ್ಕಪಕ್ಕಕ್ಕೆ ಸರಿಯುತ್ತ, ಎರಡು ಏಟು ತಿಂದು, ಗೋಡೆಯ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದ. ಒಳಗೆ ಅರವತ್ತು ಚಾರ್ಜರುಗಳ ಗುಂಯ್ ಸದ್ದು ಒಮ್ಮೆಲೇ ನಿಂತಿತು. ಅವನು ಮೇಲಕ್ಕೆ ಕೈ ತೋರಿಸಿದ. ಜನ ತಲೆ ಎತ್ತಿದರು. ಎರಡನೇ ಅಂತಸ್ತಿನ ಕಿಟಕಿಯಲ್ಲಿ ಒಬ್ಬ ಮುದುಕಿ, ಕಂಬಿ ಹಿಡಿದು, ಕೆಳಗೆ ಏನಾಗುತ್ತಿದೆ ಎಂದು ತಿಳಿಯದೆ ನೋಡುತ್ತಿದ್ದಳು. ಹಲಗೆ ಹಿಡಿದವನು ಮೊದಲು ಕೈ ಇಳಿಸಿದ.

ಪೊಲೀಸರು ಬಂದದ್ದು ಎಲ್ಲ ಮುಗಿದ ಮೇಲೆ. ಮಾವ ಉಳಿದುಕೊಂಡ, ಒಂದು ಕಣ್ಣು ಹೋಯಿತು. ಕೋರ್ಟು, ಸಾಕ್ಷಿ ಎಂದು ಎರಡು ವರ್ಷ ಎಳೆದಾಡಿ, ಅವನಿಗೆ ಶಿಕ್ಷೆಯಾಯಿತು. ಹನ್ನೆರಡು ಚಾಲಕರಿಗೂ ಆಯಿತು, ಬೋಳನೂ ಅವರಲ್ಲೊಬ್ಬ. ಅವಳು ಎರಡೂ ಕಡೆಯ ಬಗ್ಗೆ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅದಕ್ಕೆ ಮಾರ್ಕೆಟ್ಟಿನಲ್ಲಿ ಅರ್ಧ ಜನ ಅವಳ ಜೊತೆ ಮಾತು ಬಿಟ್ಟರು. ಉಳಿದ ಅರ್ಧ ಜನ ಪ್ಯಾಕು ಕಟ್ಟಿಸಿಕೊಳ್ಳಲು ಬಂದರು. ಮಾತು ಬಿಟ್ಟವರೂ ಆಮೇಲೆ ಬಂದರು, ಮುಖ ತಿರುಗಿಸಿಕೊಂಡೇ. ಕಟ್ಟಿದ ಪ್ರತಿ ಪೆಟ್ಟಿಗೆಗೂ ಮುಳ್ಳು ಈಗ ಎರಡು ಪಟ್ಟು ದಪ್ಪದ ತಗಡು ಹಾಕಿಸುತ್ತಾನೆ, ಹೊಗೆ ಹೊರಹೋಗಲು ಕೆಳಮುಖವಾಗಿ ಒಂದು ದಾರಿ ಬಿಡುತ್ತಾನೆ. ಅವನ ದವಡೆ ಸ್ವಲ್ಪ ಓರೆಯಾಗಿ ಕೂಡಿಕೊಂಡಿದೆ. ಗಟ್ಟಿ ಪದಾರ್ಥ ಅಗಿಯಲಾರ.

ತಮ್ಮ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು, ಜಾಮೀನಿನ ಮೇಲೆ ಅವಳ ಮನೆಗೇ ಬಂದ. ಬೇರೆ ಯಾರೂ ಕರೆದುಕೊಳ್ಳಲಿಲ್ಲ. ಎರಡೂ ಕೈಗಳ ಬೆರಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಬಿಡಿಸಲು ಇನ್ನೂ ಆಪರೇಷನ್ನುಗಳು ಬಾಕಿ ಇದ್ದವು. ಅವಳೇ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅವನು ಕ್ಷಮೆ ಕೇಳಲಿಲ್ಲ. ಕೆಲವು ದಿನ ತಟ್ಟೆಯನ್ನು ಮೊಣಕೈಯಿಂದ ತಳ್ಳಿ ಬೀಳಿಸುತ್ತಿದ್ದ. ಒಮ್ಮೆ ಅವಳು ಅವನ ಬೆನ್ನಿಗೆ ಬಾರಿಸಿಯೇಬಿಟ್ಟಳು. ಬಾರಿಸಿದ ಮೇಲೆ ಹಿತ್ತಲಿಗೆ ಹೋಗಿ ಅತ್ತಳು. ಮುಳ್ಳು ಮಾತ್ರ ವಾರಕ್ಕೊಮ್ಮೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಗಡ್ಡ ತೆಗೆಯುತ್ತಿದ್ದ. ದವಡೆ ಮುರಿಸಿಕೊಂಡವನು ಮುರಿದವನ ದವಡೆ ಬೋಳಿಸುತ್ತಿದ್ದಾನೆ ಎಂದು ಓಣಿಯವರು ನಕ್ಕರು.

ಒಂದು ಮಧ್ಯಾಹ್ನ ಅವಳು ತುತ್ತು ಎತ್ತಿದಾಗ ಅವನು ಬಾಯಿ ತೆರೆಯಲಿಲ್ಲ.

"ಅವತ್ತು ನೀನು ನಿಂತಿದ್ದೆ" ಎಂದ. "ನಾನು ಕರೆದೆ. ನೀನು ನೋಡ್ತಾ ನಿಂತಿದ್ದೆ."

ತುತ್ತು ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಸುಳ್ಳು ಹೇಳಬಹುದಿತ್ತು. ಹೊಗೆಯಲ್ಲಿ ಕಾಣಲಿಲ್ಲ ಎನ್ನಬಹುದಿತ್ತು, ಗೋಣಿ ಹುಡುಕುತ್ತಿದ್ದೆ ಎನ್ನಬಹುದಿತ್ತು.

"ಹೌದು, ನಿಂತಿದ್ದೆ."

"ಸಾಯ್ಲಿ ಅಂತನಾ?"

"ಹೌದು."

ಒಳಗಿನ ಕೋಣೆಯಲ್ಲಿ ಮುಳ್ಳು ಯಾವುದೋ ಸೆಲ್ಲಿಗೆ ಮೀಟರು ಹಿಡಿದಿದ್ದವನು ಅದನ್ನು ಕೆಳಗಿಟ್ಟ ಸದ್ದು ಕೇಳಿತು. ತಮ್ಮ ತನ್ನ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದ. ಅವಳು ಎದ್ದು ಹೋಗಲೋ ಕೂತಿರಲೋ ತಿಳಿಯದೆ ಕೂತಿದ್ದಳು.

"ಮತ್ತೆ ಯಾಕೆ ಬಂದೆ?" ಎಂದ ಕೊನೆಗೆ.

"ಗೊತ್ತಿಲ್ಲ ಕಣೋ. ಬಂದೆ."

ಅವನು ಬಾಯಿ ತೆರೆದ. ಅವಳು ತುತ್ತಿಟ್ಟಳು. ಅದು ತಣ್ಣಗಾಗಿತ್ತು. "ಉಪ್ಪು ಕಮ್ಮಿ" ಎಂದ.